ಅಕ್ಕೋರ ಅಂಚೆಚೀಲ: ಬಟ್ಟೆ ಗಂಟೋ, ರೊಕ್ಕವೋ?

ಪ್ರಶ್ನೆ: ಮಳೆಗಾಲ ಬಂತೆಂದರೆ ಹೊಳೆದಂಡೆಯ ಯಾವುದಾದರೂ ಊರಿಗೆ ನೀರು ಹೊಕ್ಕ ಸುದ್ದಿ ಬಂದೇ ಬರುತ್ತದೆ. ನಮ್ಮ ಮಹಿಳಾ ಮಂಡಳದವರು ಮನೆಮನೆಯಿಂದ ಬಟ್ಟೆ ಕೂಡಿಸಿದ್ದೇವೆ, ಹದಿನೆಂಟು ಚೀಲ ಆಗಿವೆ. ಮಗಳು "ಅದನ್ನೆಲ್ಲ ಬಿಡ್ರಿ, ರೊಕ್ಕ ಕಳಸ್ರಿ" ಅನ್ನುತ್ತಾಳೆ. ಅತ್ತೆಯವರು "ರೊಕ್ಕ ಕೊಟ್ರ ನಡುವಿನವರ ಕಿಸೆಕ್ಕ ಹೋಗತೈತಿ, ಸೀರಿ ಕೊಟ್ರ ಉಡತಾರ" ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ತಂಗಿ, ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಹೊಡೆದ ಮಳೆಗೆ ನಮ್ಮ ಕಡೆ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದಾಗ ನಾನೂ ಎರಡು ಗಂಟು ಕಟ್ಟಿ ಕಳಿಸಿದ್ದೆ. ಒಂದರಲ್ಲಿ ನಮ್ಮ ಮನೆಯವರ ಮದುವೆ ಕೋಟು ಇತ್ತು. ಮನೆ ಬಿದ್ದವರಿಗೆ ಕೋಟು ಯಾಕೆ ಅಂತ ಹೊಳೆಯಲೇ ಇಲ್ಲ. ಟ್ರಂಕಿನಲ್ಲಿ ಜಾಗ ಆಯಿತಲ್ಲ ಅನ್ನೋ ಸಮಾಧಾನವೇ ದೊಡ್ಡದಾಗಿತ್ತು.

ಹತ್ತು ವರ್ಷದ ಮೇಲೆ, 2019ರ ಆಗಸ್ಟಿನಲ್ಲಿ, ಗಂಟು ಬಿಚ್ಚುವ ಪಾಳಿ ನನ್ನದಾಯಿತು. ಆಗ ನಾನು ಮುಧೋಳ ತಾಲ್ಲೂಕಿನ ಒಂದು ಹಳ್ಳಿಶಾಲೆಯ ಹೆಡ್ ಟೀಚರು. ಘಟ್ಟದ ಮೇಲಿನ ಮಳೆ ನಿಲ್ಲಲಿಲ್ಲ, ಹಿಡಕಲ್ ಡ್ಯಾಮು ತುಂಬಿತು, ಬಿಟ್ಟ ನೀರಿಗೆ ಘಟಪ್ರಭೆ ದಂಡೆ ಬಿಟ್ಟು ಊರೊಳಗೆ ಬಂದಳು. ಶಾಲೆ ದಿಬ್ಬದ ಮೇಲಿತ್ತು, ಅದೇ ಗಂಜಿ ಕೇಂದ್ರ. (ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ಗಂಜಿಯನ್ನಂತೂ ಆಗಲೂ ಯಾರೂ ಕಾಸಲಿಲ್ಲ, ಅನ್ನ-ಸಾರೇ.)

ಮೂರನೇ ದಿನದಿಂದ ಲಾರಿ ಸುರುವಾದವು. ಐದನೇ ಇಯತ್ತೆಯ ಕೋಣೆಯಲ್ಲಿ 41 ಚೀಲ ಬಟ್ಟೆ. ಬಿಸಿಯೂಟದ ಅಡುಗೆಯವಳು, ಇಬ್ಬರು ಟೀಚರು, ನಾನು ಎರಡು ದಿನ ಕೂತು ಬಿಚ್ಚಿದೆವು. ಜಿಪ್ ಕಿತ್ತ ಪ್ಯಾಂಟು, ಜರಿ ಉದುರಿದ ಲೆಹಂಗಾ, ಯಾವುದೋ ಇಂಗ್ಲಿಷ್ ಶಾಲೆಯ ಟೈಗಳ ಒಂದು ಕಟ್ಟು, ಎಡಗಾಲಿನ ಚಪ್ಪಲಿ. ಒಗೆಯದೇ ತುರುಕಿದ್ದವೂ ಇದ್ದವು, ಅವನ್ನು ವರ್ಣಿಸುವುದಿಲ್ಲ. ಸೀರೆ ಬೇಕಾದಷ್ಟಿದ್ದವು, ಕುಬಸ ಮತ್ತು ಒಳಲಂಗ ಇರಲಿಲ್ಲ. ಕುಬಸ ಅಳತೆಯ ಬಟ್ಟೆ, ಮಂದಿಯದು ಮಂದಿಗೆ ಕೂಡುವುದಿಲ್ಲ. ಇಳಕಲ್ಲ ಸೀರೆಯ ಹೊರತು ಬೇರೆ ಉಡದ ಮುದುಕಿಯೊಬ್ಬಳಿಗೆ ಪಾಲಿಸ್ಟರ್ ಸೀರೆ ಕೊಟ್ಟೆ. ಒಮ್ಮೆ ಮುಟ್ಟಿ ನೋಡಿ ವಾಪಸು ಕೊಟ್ಟಳು. "ಇದು ಮೈಮ್ಯಾಲೆ ನಿಲ್ಲಂಗಿಲ್ಲವ್ವ. ಸೂಜಿ-ದಾರ ಇದ್ರ ಕೊಡು, ಹರದದ್ದನ್ನ ಹೊಲಕೋತೀನಿ." 41 ಚೀಲದಲ್ಲಿ ಒಂದು ಸೂಜಿ ಇರಲಿಲ್ಲ.

ಕೆಲಸಕ್ಕೆ ಬಂದದ್ದು ಏಳೋ ಎಂಟೋ ಚೀಲ. ಉಳಿದದ್ದು ಥಂಡಿ ಹಿಡಿದು ವಾಸನೆ ಬಂತು, ಇಲಿ ಸೇರಿದವು. ನೀರಿಳಿದ ಮೇಲೆ ಶಾಲೆ ತೆರೆಯಬೇಕಲ್ಲ, ಟ್ರ್ಯಾಕ್ಟರಿಗೆ ನನ್ನ ಕೈಯಿಂದ ಬಾಡಿಗೆ ಕೊಟ್ಟು ಸಾಗಿಸಿದೆ. ದಾನ ಬಂದದ್ದನ್ನು ಅಕ್ಕೋರು ತಿಪ್ಪೆಗೆ ಹಾಕಿಸಿದರು ಅಂತ ಮಾತು ಬರಬಾರದೆಂದು ಕತ್ತಲಾದ ಮೇಲೆ.

ಇದು ನಮ್ಮೂರಿನ ಕತೆಯಷ್ಟೇ ಅಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆ ಬಟ್ಟೆ ರಸ್ತೆಬದಿಗೆ ರಾಶಿ ಬಿದ್ದಿತ್ತು. ದಿಲ್ಲಿಯ ಗೂಂಜ್ ಸಂಸ್ಥೆಯವರು ಅದನ್ನು ಎತ್ತಿ ವಿಂಗಡಿಸಬೇಕಾಯಿತು. ಆ ಸಂಸ್ಥೆ ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳೆ ಬಟ್ಟೆಯನ್ನು ಹದವಾಗಿ ದಾಟಿಸುವುದು ಅಷ್ಟು ದೊಡ್ಡ ಕೆಲಸ, ತಂಗಿ. ನಿಮ್ಮ ಮಂಡಳದ ಕೈಲಾಗುತ್ತದೆಯೇ?

ಇನ್ನು ರೊಕ್ಕದ ಮಾತು. ನನ್ನ ತವರು ರಾಮದುರ್ಗ. ಅದೇ ಆಗಸ್ಟಿನಲ್ಲಿ ಮಲಪ್ರಭೆ ಅಲ್ಲಿಯ ನೇಕಾರರ ಓಣಿಗೂ ಹೊಕ್ಕಳು. ನಮ್ಮ ದೊಡ್ಡಪ್ಪನ ಮಗನದು ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ ಕಾಲು ಇಳಿಬಿಟ್ಟು ನೇಯುವುದು. ನೀರಿಳಿದ ಮೇಲೆ ನೋಡಲು ಹೋದೆ. ಕುಣಿ ತುಂಬ ರಾಡಿ, ಹಾಸಿನ ನೂಲು (ಮಗ್ಗದ ಉದ್ದೆಳೆ) ಅದರೊಳಗೆ ಕಲಸಿದ ಶ್ಯಾವಿಗೆಯಂತೆ ಬಿದ್ದಿತ್ತು. ಪಕ್ಕದಲ್ಲಿ ದಾನ ಬಂದ ನಾಲ್ಕು ಬಕೆಟ್ಟು, ಆರು ಚಾದರ. "ಅಕ್ಕಾ, ಚಾದರ ನೇಯಾವ್ರಿಗೇ ಚಾದರ ಕೊಟ್ಟಾರ ನೋಡು" ಅಂತ ನಕ್ಕ. ಅವನಿಗೆ ಬೇಕಿದ್ದದ್ದು ಹೊಸ ಹಾಸು, ಹೊಸ ಫಣಿ (ಎಳೆಗಳು ಹಾಯುವ ಬಾಚಣಿಗೆ), ರಾಡಿ ತೆಗೆಯುವ ಆಳಿನ ಕೂಲಿ. ಅವನ್ನು ಯಾರ ಗಂಟಿನಲ್ಲಿ ಕಟ್ಟಿ ಕಳಿಸಲು ಬರುತ್ತದೆ? ಸರ್ಕಾರ ಆ ಸಲ ತುರ್ತು ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತಲ್ಲ, ಅವನ ಲಾಳಿ ಮತ್ತೆ ಓಡಿದ್ದು ಅದರಿಂದ.

ಅಂಗಡಿಯವರನ್ನೂ ಮರೆಯಬೇಡಿ. ನಮ್ಮ ಶಾಲೆಗೆ ಮೊದಲ ಎರಡು ದಿನ ಅಕ್ಕಿ-ಬೇಳೆ ಉದ್ರಿ ಕೊಟ್ಟವನು ಪಕ್ಕದೂರಿನ ಕಿರಾಣಿಯವ. ಲಾರಿಗಟ್ಟಲೆ ಪುಕ್ಕಟೆ ಸಾಮಾನು ಬಂದ ಮೇಲೆ ತಿಂಗಳೊಪ್ಪತ್ತು ಅವನ ಅಂಗಡಿ ಕಡೆ ಯಾರೂ ಹಾಯಲಿಲ್ಲ. ರೊಕ್ಕ ಕೊಟ್ಟಿದ್ದರೆ ಅದು ಅವನ ಗಲ್ಲೆಗೆ ಹೋಗಿ ಅಲ್ಲೇ ತಿರುಗುತ್ತಿತ್ತು.

ಅತ್ತೆಯವರ ಸಂಶಯ ಸುಳ್ಳಲ್ಲ. ಅವರಿಗೆ ಹೇಳಿ, ಸಾಮಾನೂ ಕಳುವಾಗುತ್ತದೆ, ಆದರೆ ಲೆಕ್ಕ ಕೇಳುವವರು ಇರುವುದಿಲ್ಲ. ಖಾತೆಗೆ ಹಾಕಿದ ರೊಕ್ಕಕ್ಕಾದರೂ ಗುರುತು ಉಳಿಯುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಾಕುವುದಾದರೆ ಖಾತೆ ನಂಬರನ್ನು ಸರ್ಕಾರದ ವೆಬ್‌ಸೈಟಿನಿಂದಲೇ ತಗೊಳ್ಳಿ, ವಾಟ್ಸಾಪಿನಲ್ಲಿ ಬಂದ ಕ್ಯೂಆರ್ ಕೋಡಿಗೆ ಕಳಿಸಬೇಡಿ. ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ದಾನದ ಮೇಲೆ ವಿನಾಯಿತಿ (80ಜಿ ಅಂತ ಹೆಸರಾದದ್ದು) ಇದೆ, ಆದರೆ 2,000 ರೂಪಾಯಿಗೆ ಮೇಲ್ಪಟ್ಟು ನಗದು ಕೊಟ್ಟರೆ ಇಲ್ಲ. ಸೀರೆ-ಚಾದರಕ್ಕಂತೂ ಇಲ್ಲವೇ ಇಲ್ಲ. ನಿಧಿ ಬೇಡ ಅನಿಸಿದರೆ ಆ ಊರಲ್ಲಿ ಪರಿಚಯದವರೊಬ್ಬರನ್ನು ಹಿಡಿಯಿರಿ, ಏನು ಬೇಕೆಂದು ಫೋನಿನಲ್ಲಿ ಕೇಳಿ, ಅಲ್ಲಿಯ ಅಂಗಡಿಗೇ ರೊಕ್ಕ ಹಾಕಿ, ಪಾವತಿ ಚೀಟಿ ತರಿಸಿಕೊಳ್ಳಿ.

ಸಾಮಾನು ಕಳಿಸಲೇಬಾರದೆಂದೇನೂ ಅಲ್ಲ. ಒಲೆ ಹೊತ್ತದ ಮೊದಲ ಮೂರು-ನಾಲ್ಕು ದಿನ ನಮ್ಮನ್ನು ಕಾಯ್ದದ್ದು ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ಬ್ರೆಡ್ಡು ಎರಡೇ ದಿನಕ್ಕೆ ಬೂಸ್ಟು ಹಿಡಿಯಿತು, ರೊಟ್ಟಿಗೆ ಏನೂ ಆಗಲಿಲ್ಲ. ಇನ್ನೊಂದು, ದನದ ಮೇವು. ನಮ್ಮಲ್ಲಿ ಎಮ್ಮೆಗಳನ್ನು ಬಿಟ್ಟು ಬರಲಾರೆವೆಂದು ನೀರಿನ ಅಂಚಿಗೇ ಕೂತವರಿದ್ದರು. ಒಬ್ಬ ರೈತ ಒಂದು ಟ್ರ್ಯಾಕ್ಟರ್ ಕಣಿಕಿ ಇಳಿಸಿ, ಹೆಸರೂ ಹೇಳದೆ ಹೋದ.

ನಿಮ್ಮ ಹದಿನೆಂಟು ಚೀಲ? ಬಿಚ್ಚಿರಿ. ನಿಮ್ಮ ಮನೆಗೆ ಬಂದ ಬೀಗರಿಗೆ ಉಡಲು ಕೊಡುವಂಥವು ಎಷ್ಟಿವೆ ಆರಿಸಿ, ತೊಳೆದು ಮಡಚಿಡಿ, ಯಾರಾದರೂ ಕೇಳಿದರೆ ಕೊಡಿ. ಹಳೆ ಹತ್ತಿ ಸೀರೆಗಳನ್ನು ಕೌದಿ ಹೊಲಿಯುವವರಿಗೆ ಕೊಡಿ, ಖುಷಿಯಿಂದ ಒಯ್ಯುತ್ತಾರೆ. ಲಾರಿ ಬಾಡಿಗೆಗೆಂದು ಎತ್ತಿಟ್ಟ ರೊಕ್ಕವನ್ನು ಮಗಳ ಕೈಗೆ ಕೊಡಿ.

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ 6,000 ರೂಪಾಯಿ ಕೂಡಿದೆ. ನಿಧಿಗೆ ಹಾಕಲು ಇದು ತೀರಾ ಸಣ್ಣ ಮೊತ್ತವಲ್ಲವೇ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ಸಣ್ಣದಲ್ಲಪ್ಪ. ಆದರೆ ನಿಮಗೆ ಬೇರೆ ಕೆಲಸ ಹೇಳುತ್ತೇನೆ. ನೀರು ಇಳಿದ ಊರಿಗೆ ನಾಲ್ಕು ಜನ ಹೋಗಿ. ಸಲಿಕೆ, ಬುಟ್ಟಿ, ಕಸಬರಿಗೆ, ಬ್ಲೀಚಿಂಗ್ ಪೌಡರ್ ತಾಲ್ಲೂಕು ಊರಿನಲ್ಲೇ ಕೊಳ್ಳಿ. ಉಳಿದ ರೊಕ್ಕ ಝೆರಾಕ್ಸಿಗೆ. ಪರಿಹಾರದ ಅರ್ಜಿಗೆ ಆಧಾರ್, ಪಾಸ್‌ಬುಕ್ಕು, ಪಹಣಿ ಕೇಳುತ್ತಾರೆ. ಅವೆಲ್ಲ ತೊಯ್ದು ಮುದ್ದೆಯಾಗಿರುತ್ತವೆ. ಅರ್ಜಿ ಬರೆದುಕೊಡುವ ಹುಡುಗರು ಸಿಕ್ಕರೆ ಊರವರಿಗೆ ಅರ್ಧ ಜೀವ ಬಂದಂತೆ.

ಪ್ರಶ್ನೆ: ದಾನ ಕೊಡುವಾಗ ಫೋಟೊ ತೆಗೆಸಿಕೊಳ್ಳುವುದು ತಪ್ಪೇ?
— ಓದುಗರು, ಗೋಕಾಕ

ಉತ್ತರ: ನಮ್ಮ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ಹುಡುಗನೊಬ್ಬನಿಗೆ ಒಂದೇ ಬಕೆಟ್ಟನ್ನು ಮೂರು ಸಲ ಕೊಟ್ಟರು, ಮೂರು ಮೊಬೈಲಿಗಾಗಿ. ನಾಲ್ಕನೆಯವರು ಬಂದು ನಿಂತಾಗ ಅವನು ನನ್ನ ಕಡೆ ತಿರುಗಿ ಕೇಳಿದ: "ಅಕ್ಕೋರ, ಈ ಸಲ ಅಂಗಿ ಬದ್ಲಿ ಮಾಡ್ಕೊಂಡು ಬರ್ಲೇನ್ರಿ?"