ಪ್ಲೇಟ್‌ಲೆಟ್ 62,000, ಜ್ವರ ಮಾತ್ರ ಇಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

54 ವರ್ಷದ ಗೃಹಿಣಿ. ದವಡೆ ಹಲ್ಲು ಕೀಳಿಸಲು ಹೋದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 62,000 ಬಂತು. ಮನೆಯವರು ಡೆಂಗಿ ಎಂದುಕೊಂಡು ಎರಡು ವಾರ ಪರಂಗಿ ಎಲೆಯ ರಸ ಕುಡಿಸಿದರು. ಮತ್ತೆ ಎಣಿಸಿದಾಗ 60,000. ಅಷ್ಟೂ ದಿನ ಜ್ವರ ಒಮ್ಮೆಯೂ ಬಂದಿರಲಿಲ್ಲ. 1996ರಲ್ಲಿ ಹೆರಿಗೆಯಾದ ಮೇಲೆ ಎರಡು ಬಾಟಲಿ ರಕ್ತ ಹಾಕಿಸಿದ್ದರು. ಆಗ ರಕ್ತನಿಧಿಗಳಲ್ಲಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ವೈರಸ್‌ನ ಪರೀಕ್ಷೆ ಕಡ್ಡಾಯವಿರಲಿಲ್ಲ. ಈಗ ಆ ವೈರಸ್‌ನ ಆರ್‌ಎನ್‌ಎ ಪಾಸಿಟಿವ್, ಅಂದರೆ ರಕ್ತದಲ್ಲಿ ವೈರಸ್ ಇದೆ.

ಮಗನ ಮಾತು ಒಂದೇ: "ಪ್ಲೇಟ್‌ಲೆಟ್ ಹಾಕಿಸಿಬಿಡಿ ಮೇಡಂ, ಹಲ್ಲು ಕಿತ್ತು ಮುಗಿಸೋಣ."

ಮೊದಲು ಎಣಿಕೆ ನಿಜವೇ ಎಂದು ನೋಡಬೇಕಿತ್ತು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ರಾಸಾಯನಿಕ ಹಾಕಿದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ, ಯಂತ್ರ ಕಡಿಮೆ ಎಣಿಸುತ್ತದೆ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್‌ನಲ್ಲಿ ಗುಂಪು ಕಾಣಲಿಲ್ಲ. ಸ್ಕ್ಯಾನಿನಲ್ಲಿ ಗುಲ್ಮ (ಸ್ಪ್ಲೀನ್) ಊದಿ 15.8 ಸೆಂ.ಮೀ. ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ 88, ಎಎಲ್‌ಟಿ 64. ವಯಸ್ಸು, ಈ ಕಿಣ್ವಗಳು, ಪ್ಲೇಟ್‌ಲೆಟ್ ಸೇರಿಸಿ ಫಿಬ್-4 ಎಂಬ ಅಂಕಿ ಲೆಕ್ಕ ಹಾಕಿದರೆ 9.6. ಈ ಅಂಕಿ 3.25 ದಾಟಿದರೇ ಯಕೃತ್ತು ಸಾಕಷ್ಟು ಗಟ್ಟಿಯಾಗಿದೆ ಎಂದು ಅನುಮಾನಿಸುತ್ತೇವೆ.

ಮಗನಿಗೆ ಹೇಳಿದ್ದು ಇಷ್ಟು. ಗಟ್ಟಿಯಾದ ಯಕೃತ್ತಿನೊಳಗೆ ರಕ್ತ ಸಲೀಸಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ, ಗುಲ್ಮ ಊದುತ್ತದೆ. ಆರೋಗ್ಯವಂತರ ಗುಲ್ಮದಲ್ಲಿ ಪ್ಲೇಟ್‌ಲೆಟ್‌ಗಳ ಮೂರನೇ ಒಂದು ಪಾಲು ಇರುತ್ತದೆ. ತೀರಾ ಊದಿದರೆ ಶೇ. 90ರವರೆಗೂ ಅಲ್ಲೇ ಸಿಕ್ಕಿಕೊಳ್ಳಬಹುದು. ಜೊತೆಗೆ ಅಸ್ಥಿಮಜ್ಜೆಗೆ "ತಯಾರಿಸು" ಎನ್ನುವ ಥ್ರೊಂಬೊಪೊಯೆಟಿನ್ ಯಕೃತ್ತಿನಿಂದ ಕಡಿಮೆ ಬರುತ್ತದೆ. ಹೊರಗಿನಿಂದ ಹಾಕಿಸಿದರೂ ಹೆಚ್ಚಿನ ಪಾಲು ಅದೇ ಗುಲ್ಮ ಸೇರುತ್ತದೆ. ಪರಂಗಿ ರಸ ಸೋತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಹೆದರಬೇಕಾದ್ದು ಹಲ್ಲಿಗಲ್ಲ, ಅನ್ನನಾಳದಲ್ಲಿ ಊದಿರಬಹುದಾದ ರಕ್ತನಾಳಗಳಿಗೆ. ಎಂಡೋಸ್ಕೋಪಿಯಲ್ಲಿ ಅವು ಕಂಡವು. ಆ ನಾಳಗಳ ಒತ್ತಡ ಇಳಿಸಲು ವೈದ್ಯರು ಕಾರ್ವೆಡಿಲಾಲ್ ಮಾತ್ರೆಯನ್ನು 6.25 ಮಿ.ಗ್ರಾಂನಿಂದ ಶುರುಮಾಡಿದರು. ಕಪ್ಪು ಮಲ ಅಥವಾ ರಕ್ತದ ವಾಂತಿಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬರಬೇಕು.

ಆಕೆಯ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸ್ಟ್ರಿಪ್ ಸಿಕ್ಕವು. ಮಂಡಿನೋವಿಗೆ ಅಸೆಕ್ಲೋಫೆನಾಕ್: ರಕ್ತಸ್ರಾವದ ಅಪಾಯ ಹೆಚ್ಚಿಸುವ ಅದನ್ನು ನಿಲ್ಲಿಸಿ, ನೋವಿದ್ದಾಗ ಪ್ಯಾರಾಸಿಟಮಾಲ್, ದಿನಕ್ಕೆ 2 ಗ್ರಾಂ ಮೀರದಂತೆ. ಇನ್ನೊಂದು ದಿನಾ ಬೆಳಿಗ್ಗೆ ನುಂಗುತ್ತಿದ್ದ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್. ವೈರಸ್‌ಗೆ ಕೊಡಲಿದ್ದ ವೆಲ್ಪಟಾಸ್ವಿರ್ ಹೀರಿಕೆಯಾಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಆದ್ದರಿಂದ ವೈದ್ಯರು ಅದನ್ನೂ ನಿಲ್ಲಿಸಿದರು. ಕೇಳಿದಾಗ "ಬೇರೆ ಮಾತ್ರೆ ಏನೂ ಇಲ್ಲ" ಎಂದಿದ್ದರು. ಗ್ಯಾಸಿನ ಮಾತ್ರೆಯನ್ನು ಯಾರೂ ಮಾತ್ರೆ ಎಂದು ಎಣಿಸುವುದಿಲ್ಲ. ಕವರ್ ಬಿಚ್ಚಿ ನೋಡುವುದೇ ಸರಿ.

ಹೆಪಟೈಟಿಸ್ ಬಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಸೊಫೊಸ್ಬುವಿರ್ 400, ವೆಲ್ಪಟಾಸ್ವಿರ್ 100 ಮಿ.ಗ್ರಾಂ, ದಿನಕ್ಕೊಂದರಂತೆ 12 ವಾರ. ಹೊಟ್ಟೆಯಲ್ಲಿ ನೀರು, ಕಾಮಾಲೆ ಇಲ್ಲದ್ದರಿಂದ ಇನ್ನೊಂದು ವೈರಸ್ ಔಷಧ ರಿಬಾವಿರಿನ್ ಬೇಕಾಗಲಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಮಾತ್ರೆ ಉಚಿತ. ಗಂಡನಿಗೂ, ಆ ರಕ್ತ ಹಾಕಿಸಿದ ನಂತರ ಹುಟ್ಟಿದ ಕಿರಿಮಗಳಿಗೂ ಪರೀಕ್ಷೆ ಮಾಡಿಸಲು ಹೇಳಲಾಯಿತು.

ಹಲ್ಲು? 50,000ಕ್ಕಿಂತ ಮೇಲಿದ್ದುದರಿಂದ ದಂತವೈದ್ಯರು ಪ್ಲೇಟ್‌ಲೆಟ್ ಹಾಕಿಸದೆಯೇ ಕಿತ್ತರು. ಹೊಲಿಗೆ ಹಾಕಿ, ರಕ್ತ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಅನ್ನು ಅರ್ಧ ಗಂಟೆ ಕಚ್ಚಿಸಿದರು, ರಕ್ತ ನಿಂತಿತು.

ಚಿಕಿತ್ಸೆ ಮುಗಿದ 12 ವಾರಕ್ಕೆ ವೈರಸ್ ಪತ್ತೆಯಾಗಲಿಲ್ಲ. ಪ್ಲೇಟ್‌ಲೆಟ್ 78,000. ಗುಣವಾಯಿತಲ್ಲ, ಸ್ಕ್ಯಾನ್ ಇನ್ನೇಕೆ ಎಂದರು ಮಗ. ಗಟ್ಟಿಯಾದ ಯಕೃತ್ತಿನಲ್ಲಿ ಕ್ಯಾನ್ಸರ್ ಅಪಾಯ ವೈರಸ್ ಹೋದರೂ ಪೂರ್ತಿ ಹೋಗುವುದಿಲ್ಲ ಎಂದು ವಿವರಿಸಿ, ಆರು ತಿಂಗಳ ನಂತರದ ಸ್ಕ್ಯಾನ್ ತಾರೀಖನ್ನು ಅವರ ಚೀಟಿಯ ಮೇಲೇ ಬರೆದುಕೊಡಲಾಯಿತು.