ಓದುಗರ ಪ್ರಶ್ನೆ: ಯುದ್ಧನೌಕೆಯ ಕವರುಗಳು

ಪ್ರಶ್ನೆ: 1930ರ ದಶಕದ ಅಮೆರಿಕನ್ ಯುದ್ಧನೌಕೆಯ ಕವರೊಂದು, ಎಂದರೆ ಹಡಗಿನ ಅಂಚೆ ಠಸ್ಸೆ ಬಿದ್ದ ಲಕೋಟೆ, ಮಾರಾಟಕ್ಕಿದೆ. ಎಡಗಡೆ ಹಡಗಿನ ಚೆಂದದ ಚಿತ್ರವಿದೆ. ಅಸಲಿ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ: ಮೊದಲು ಚಿತ್ರವನ್ನು ಕೈಯಿಂದ ಮುಚ್ಚಿಕೊಂಡು ಠಸ್ಸೆಯನ್ನಷ್ಟೇ ನೋಡಿ. ಕ್ಯಾಶೆ ಎಂದು ಕರೆಯುವ ಆ ಚಿತ್ರ ಹೆಚ್ಚಾಗಿ ಸಂಗ್ರಾಹಕರೋ ಕ್ಲಬ್ಬಿನವರೋ ಮಾಡಿಸಿದ್ದು. ಬರಿಯ ಹಳೇ ಕವರಿಗೆ ಈಗಲೂ ಅದನ್ನು ಅಚ್ಚು ಹಾಕಬಹುದು. ಬೆಲೆಯೆಲ್ಲ ಇರುವುದು ಠಸ್ಸೆಯಲ್ಲಿ.

ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ 1908ರಿಂದ ಅಂಚೆ ಕಚೇರಿಗಳಿವೆ. ಠಸ್ಸೆಯ ವೃತ್ತದಲ್ಲಿ ಹಡಗಿನ ಹೆಸರು, ದಿನಾಂಕ ಇರುತ್ತವೆ. ಅದರ ಪಕ್ಕದಲ್ಲಿ ಅಂಚೆಚೀಟಿಯ ಮೇಲೆ ಬೀಳುವ ಗೆರೆಪಟ್ಟಿಗಳ ನಡುವೆ 1930ರ ದಶಕದಲ್ಲಿ ಬಂದರಿನ ಹೆಸರನ್ನೋ ಆ ದಿನದ ವಿಶೇಷವನ್ನೋ ಜೋಡಿಸುತ್ತಿದ್ದರು. ವೃತ್ತ, ಗೆರೆಪಟ್ಟಿಗಳ ವಿನ್ಯಾಸದ ಮೇಲೆ ಠಸ್ಸೆಗಳನ್ನು ವಿಂಗಡಿಸುವ ಲೋಸಿ ಪದ್ಧತಿಯ ಕೋಷ್ಟಕದೊಂದಿಗೆ ನಿಮ್ಮದನ್ನು ಹೋಲಿಸಿ. ಅಂಚೆಚೀಟಿ ಬಿಡುಗಡೆಯಾದ ದಿನ ಠಸ್ಸೆಯ ದಿನಾಂಕಕ್ಕಿಂತ ಈಚಿನದಾದರೆ ಕವರು ನಕಲಿ, ಮುಂದೆ ನೋಡುವುದೇ ಬೇಡ. ಠಸ್ಸೆಯ ಗೆರೆ ಅಂಚೆಚೀಟಿಯಿಂದ ಕಾಗದಕ್ಕೆ ಕಡಿಯದೆ ಇಳಿದಿರಬೇಕು. ಅಂಚಿನಲ್ಲಿ ಗೆರೆ ಜರುಗಿದ್ದರೆ ಚೀಟಿಯನ್ನು ಕಿತ್ತು ಮತ್ತೆ ಅಂಟಿಸಿದ್ದಾರೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿಯಿರಿ: ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾಗದ ಮಂಕಾಗಿಯೇ ಉಳಿಯುತ್ತದೆ. ನೀಲಿಬಿಳುಪಾಗಿ ಪ್ರಜ್ವಲಿಸಿದರೆ ಅದರಲ್ಲಿ ಹೊಳಪುಕಾರಕ ಇದೆ, ಅದು ಆಮೇಲಿನ ಕಾಲದ್ದು.

7 ಡಿಸೆಂಬರ್ 1941ರ, ಅಂದೇ ಮುಳುಗಿದ ಯುದ್ಧನೌಕೆ ‘ಅರಿಜೋನಾ’ದ ಠಸ್ಸೆ ಎಂದು ಯಾರಾದರೂ ಕೊಟ್ಟರೆ ದುಡ್ಡು ತೆಗೆಯಬೇಡಿ, ತಜ್ಞರಿಗೆ ತೋರಿಸಿ. ಅಂದು ಭಾನುವಾರ; ಪರ್ಲ್ ಹಾರ್ಬರಿನ ಮೇಲೆ ದಾಳಿ ಶುರುವಾದದ್ದು ಬೆಳಿಗ್ಗೆ 8 ಗಂಟೆಗೂ ಮುಂಚೆ. ಹಾಗಾಗಿ ಆ ದಿನದ ಠಸ್ಸೆ ಒತ್ತಿದ್ದರೆಂಬುದೇ ಅನುಮಾನ.

ಪ್ರಶ್ನೆ: ಇವುಗಳನ್ನು ಕೆಡದಂತೆ ಇಡುವುದು ಹೇಗೆ?

ಉತ್ತರ: ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ, ಒಂದಕ್ಕೆ ಒಂದೇ ಕವರು. ಪಿವಿಸಿ ಚೀಲ ಬೇಡ. ಅದನ್ನು ಮೆದುಗೊಳಿಸುವ ಎಣ್ಣೆ ಮೆಲ್ಲಗೆ ಹೊರಬಂದು ಶಾಯಿಯನ್ನು ಕಲಕುತ್ತದೆ. ಒಳಗೆ ಬಿಗಿಗೆಂದು ಇಟ್ಟ ಹಳೇ ರಟ್ಟಿದ್ದರೆ ತೆಗೆದುಬಿಡಿ: ಅದರ ಆಮ್ಲದಿಂದಲೇ ಕವರು ಕಂದಾಗುವುದು. ಕೊಳೆ ತೆಗೆಯಲೆಂದು ನೀರು ಮಾತ್ರ ಮುಟ್ಟಿಸಬೇಡಿ. ರಬ್ಬರ್ ಮೊಹರಿನ ನೇರಳೆ ಶಾಯಿ ಒಂದೇ ಹನಿಗೆ ಹರಡಿಬಿಡುತ್ತದೆ, ಮತ್ತೆ ಸರಿಮಾಡುವ ದಾರಿಯಿಲ್ಲ. ಅಂಚೆಚೀಟಿಯನ್ನು ಕತ್ತರಿಸಿ ಬೇರೆ ಇಡುವುದಂತೂ ಕವರನ್ನೇ ಕೊಂದಂತೆ.

ಪ್ರಶ್ನೆ: ಈಗಿನ ಹಡಗಿನಿಂದ ಹೊಸ ಕವರು ತರಿಸಬಹುದೇ?

ಉತ್ತರ: ಬಹುದು. ನಿಮ್ಮ ವಿಳಾಸ ಬರೆದು, ಅಮೆರಿಕದ ಅಂಚೆಚೀಟಿ ಹಚ್ಚಿದ ಒಂದೆರಡು ಕವರುಗಳನ್ನು ಕೋರಿಕೆ ಪತ್ರದೊಂದಿಗೆ ದೊಡ್ಡ ಲಕೋಟೆಯಲ್ಲಿಟ್ಟು ಹಡಗಿನ ಅಂಚೆ ಅಧಿಕಾರಿಗೆ ಕಳಿಸಿ. ಒಳಗೊಂದು ತೆಳು ಕಾರ್ಡ್ ಇಟ್ಟರೆ ಠಸ್ಸೆ ಮುರಿಯದೆ ಬೀಳುತ್ತದೆ. ಸಣ್ಣ ಹಡಗು, ಜಲಾಂತರ್ಗಾಮಿಗಳಲ್ಲಿ ಸಾಮಾನ್ಯವಾಗಿ ಅಂಚೆ ಕಚೇರಿ ಇರುವುದಿಲ್ಲ. ಅಲ್ಲಿಂದ ಬರುವುದು ದಡದ ಠಸ್ಸೆ.