ಕೈಗವಸಿನೊಳಗೆ ಕರಡಿ ಹೊಕ್ಕ ಆ ಪುಸ್ತಕ

ಪ್ರಶ್ನೆ: 1980ರ ದಶಕ, ನಾನು ಸಣ್ಣಾಕಿ. ಅಪ್ಪ ಗುಲ್ಬರ್ಗದಿಂದ ಒಂದು ಚಿತ್ರದ ಪುಸ್ತಕ ತಂದಿದ್ದರು. ಹಿಮ ಬಿದ್ದ ಕಾಡು, ನಡುವೆ ಒಂದು ದೊಡ್ಡ ಕೈಗವಸು, ಅದರೊಳಗೆ ಕಪ್ಪೆ, ಮೊಲ, ಕರಡಿ. ಕೈಗವಸಿಗೆ ಏಣಿ, ಕಿಟಕಿ ಇದ್ದವು. ಪುಸ್ತಕದ ಹೆಸರು ನೆನಪಿಲ್ಲ. ಕಥೆ ಹೇಗೆ ಮುಗಿಯಿತು ಅನ್ನೋದೂ ಮರೆತಿದೆ. ಮಗಳಿಗೆ ಹೇಳಬೇಕಿತ್ತು.
– ಓದುಗಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕಾ, ಏಣಿ ಮತ್ತು ಕಿಟಕಿ ನೆನಪಿಟ್ಟಿದ್ದೀರಲ್ಲ, ಅದೇ ಗುರುತು. ಅದು ಉಕ್ರೇನಿನ ಜನಪದ ಕಥೆ, ‘ಕೈಗವಸು’. ಚಿತ್ರ ಬರೆದವರು ಯೆವ್ಗೆನಿ ರಾಚ್ಯೋವ್.

ಮುದುಕನೊಬ್ಬ ಕಾಡಿನಲ್ಲಿ ಹೋಗುವಾಗ ಕೈಗವಸು ಬೀಳಿಸಿಕೊಳ್ಳುತ್ತಾನೆ. ಚಳಿಗೆ ಮೊದಲು ಇಲಿ ಒಳಗೆ ಹೋಗುತ್ತೆ. ಆಮೇಲೆ ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ. ಕೊನೆಗೆ ಕರಡಿ! ಬಂದವರೆಲ್ಲ ‘ಒಳಗೆ ಯಾರಿದ್ದೀರಿ?’ ಅಂತ ಕೇಳಬೇಕು, ಒಳಗಿದ್ದವರು ಒಬ್ಬೊಬ್ಬರಾಗಿ ಹೆಸರು ಹೇಳಬೇಕು. ಮಗಳಿಗೆ ಹೇಳುವಾಗ ಈ ಭಾಗ ಮಾತ್ರ ಬಿಡಬೇಡಿ. ಎರಡನೇ ಸಲಕ್ಕೆ ಅವಳೇ ಹೇಳುತ್ತಾಳೆ. ಅಷ್ಟರಲ್ಲಿ ಮುದುಕ ಹುಡುಕಿಕೊಂಡು ವಾಪಸ್ ಬರುತ್ತಾನೆ. ಅವನ ನಾಯಿ ಬೊಗಳುತ್ತೆ, ಎಲ್ಲರೂ ಕಾಡಿಗೆ ಓಟ. ಇಷ್ಟೇ ಕಥೆ.

ಆದರೆ ರಾಚ್ಯೋವ್ ಮಾಡಿದ ಕೆಲಸ ನೋಡಿ. ಕಥೆಯಲ್ಲಿ ಅದು ಕೊನೆತನಕ ಬರೀ ಕೈಗವಸು. ಚಿತ್ರದಲ್ಲಿ ಪುಟ ತಿರುವಿದಂತೆ ಅದೊಂದು ಮನೆಯಾಗುತ್ತೆ. ಏಣಿ ಬರುತ್ತೆ, ಕಿಟಕಿ ಬರುತ್ತೆ, ಹೊಗೆಗೂಡು ಬರುತ್ತೆ. ಪ್ರಾಣಿಗಳ ಮೈಮೇಲೆ ಉಕ್ರೇನಿನ ಹಳ್ಳಿಯವರ ಬಟ್ಟೆ. ಓದಲು ಬಾರದ ಮಗುವೂ ಗಂಟೆಗಟ್ಟಲೆ ನೋಡುತ್ತಾ ಕೂರುವಂಥ ಚಿತ್ರಗಳು. ನನಗೆ ಮಕ್ಕಳ ಪುಸ್ತಕ ಅಂದರೆ ಇದು.

ಇದೇ ಕಥೆಯನ್ನು ಅಮೆರಿಕದ ಜಾನ್ ಬ್ರೆಟ್ 1989ರಲ್ಲಿ ಬೇರೆ ಥರ ಬರೆದರು. ಅದರಲ್ಲಿ ಕಪ್ಪೆ ಇಲ್ಲ, ಗೂಬೆ ಇದೆ, ಕೊನೆಗೆ ಕರಡಿ ಸೀನುತ್ತೆ. ಅಂಗಡಿಯವರು ಅದನ್ನೇ ಕೊಟ್ಟರೆ ಕಪ್ಪೆ ಇದೆಯಾ ಅಂತ ನೋಡಿ, ಸಾಕು.

ಗುಲ್ಬರ್ಗಕ್ಕೆ ಹೇಗೆ ಬಂತು ಅಂತೀರಾ? ಆಗ ಮಾಸ್ಕೋದ ಪ್ರಗತಿ ಪ್ರಕಾಶನ, 1982ರ ನಂತರ ರಾದುಗ ಪ್ರಕಾಶನ, ಮಕ್ಕಳ ಪುಸ್ತಕಗಳನ್ನು ನಮ್ಮ ಭಾಷೆಗಳಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕಿ ಕಳಿಸುತ್ತಿದ್ದವು. ನಮ್ಮ ಕಡೆ ಅವನ್ನು ಮಾರುತ್ತಿದ್ದವರು ನವಕರ್ನಾಟಕ ಪ್ರಕಾಶನದವರು. ಬೆಲೆ ಬಹಳ ಕಡಿಮೆ, ಹಾಗಾಗಿ ಸಣ್ಣ ಸಂಬಳದವರ ಮನೆಗೂ ಬಂದವು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಆ ಪುಸ್ತಕಗಳು ಬರುವುದೂ ನಿಂತಿತು.

ಹಳೆ ಪುಸ್ತಕದವರ ಹತ್ತಿರ ಕೇಳುವಾಗ ರಾಚ್ಯೋವ್ ಹೆಸರನ್ನೇ ಹೇಳಿ. ಅದಕ್ಕೂ ಮೊದಲು ತವರುಮನೆ ಅಟ್ಟದ ಮೇಲಿನ ಟ್ರಂಕು ಒಮ್ಮೆ ಇಳಿಸಿ ನೋಡ್ರಿ.